ಬ್ರಷ್ ಹಿಡಿದು ಬಂದರು ಹುಡುಕಿದ್ದು

ಮಣ್ಣು ಅಗೆಯುವವನ ಹಣೆಬರಹವೇ ಹೀಗೋ ಏನೋ, ನಾನು ಹೊಂಡ ತೋಡಿದಲ್ಲೆಲ್ಲ ಒಂದಲ್ಲ ಒಂದು ಫಜೀತಿ ಮೇಲೆದ್ದು ಬರುತ್ತದೆ. ಹೆಗ್ಗರಣೆಯಲ್ಲಿ ಒಬ್ಬರಿಗೆ ಇಂಗುಗುಂಡಿ ತೆಗೆದುಕೊಡಲು ಹೋಗಿ ಅವರ ಹೊಸ ಪೈಪನ್ನು ಮೂರು ಕಡೆ ಕತ್ತರಿಸಿದ್ದೆ. ಯಲ್ಲಾಪುರದಲ್ಲಿ ಗುರುತು ಹಾಕಿದ ಜಾಗ ಬಿಟ್ಟು ಪಕ್ಕದವರ ಜಾಗದಲ್ಲಿ ಬಾವಿ ತೋಡಿ, ಅದಕ್ಕೆ ಒಳ್ಳೆಯ ನೀರೂ ಬಂದು, ಆ ಪಕ್ಕದವರು ಊರಿಗೆಲ್ಲ ಪೇಢೆ ಹಂಚಿದ್ದರು. ಆದರೆ ಹೋದ ಬೇಸಿಗೆಯ ಎರಡು ತಿಂಗಳಲ್ಲಿ ಆದದ್ದಿದೆಯಲ್ಲ, ಅದರ ಮುಂದೆ ಇವೆಲ್ಲ ಏನೂ ಅಲ್ಲ.

ಹನ್ನೆರಡು ಅಡಿ

ನಾನು ಹುಲಗೋಳದವ. ಶಿರಸಿಯಲ್ಲಿ ಒಂದು ಜೆಸಿಬಿ ಇಟ್ಟುಕೊಂಡು ಹೊಂಡ, ಬಾವಿ, ರಸ್ತೆ ಎಂದು ತಿರುಗುವವ. ನನ್ನದು ತರಾತುರಿಯ ಸ್ವಭಾವ. ಚಹ ಆರುವವರೆಗೆ ಕಾಯಲಾರದೆ ದಿನಾ ನಾಲಿಗೆ ಸುಟ್ಟುಕೊಳ್ಳುತ್ತೇನೆ. ಇಂಥವನಿಗೆ ಒಂದು ದಿನ ಮೈಸೂರು ಕಡೆಯ ಒಬ್ಬ ದೊಡ್ಡ ವಿದ್ವಾಂಸರು ಫೋನ್ ಮಾಡಿ ಬನವಾಸಿಯ ಆಚೆಗೆ, ವರದಾ ಹೊಳೆಯ ದಂಡೆಗೆ ಕರೆಸಿಕೊಂಡರು. ಅವರೇ ಅಲ್ಲಿನ ಉತ್ಖನನದ ಡೈರೆಕ್ಟರು. ನಾವೆಲ್ಲ ಸರ್ ಎನ್ನುತ್ತಿದ್ದೆವು.

"ನೀವು ನಿಂತಿದ್ದೀರಲ್ಲ, ಇದು ಹಿಂದಿನ ಕಾಲದ ವ್ಯಾಪಾರದ ಬಂದರು. ಘಟ್ಟದ ಮೆಣಸು, ಏಲಕ್ಕಿ ಎಲ್ಲ ಇಲ್ಲಿ ದೋಣಿಗೇರಿ ಹೊಳೆಗುಂಟ ಕೆಳಗಿನ ಪೇಟೆಗಳಿಗೆ ಹೋಗುತ್ತಿತ್ತು" ಎಂದರು. ನಾನು ಸುತ್ತ ನೋಡಿದೆ. ಕೊಯ್ಲಾದ ಭತ್ತದ ಗದ್ದೆ, ಎರಡು ಎಮ್ಮೆ, ಆಚೆ ಬೇಸಿಗೆಯ ಬಡಕಲು ಹೊಳೆ. "ಹೌದು ಸರ್, ಕಾಣ್ತದೆ" ಎಂದೆ. ಕೆಲಸ ಬೇಕಿತ್ತಲ್ಲ.

ಸರ್ ವಿಷಯವನ್ನು ಮುಚ್ಚಿಡದೆ ಹೇಳಿದರು. ಅವರು ಇಲ್ಲಿ ಅಗೆಯುತ್ತಿರುವುದು ಇದು ಮೂರನೇ ಬೇಸಿಗೆ. ಹಿಂದಿನ ಎರಡು ಸಲ ಬರೀ ಮಡಕೆ ಚೂರು. ಮೇ ಕೊನೆಗೆ ಮೇಲಿನಿಂದ ಸಮಿತಿ ಬರುತ್ತದೆ. ದೋಣಿ ನಿಲ್ಲುತ್ತಿದ್ದ ಕಟ್ಟೆಯನ್ನೋ ಮೆಟ್ಟಿಲನ್ನೋ ತೋರಿಸಿದರೆ ಮುಂದಿನ ವರ್ಷಕ್ಕೆ ಅಪ್ಪಣೆ. ಇಲ್ಲವಾದರೆ ಹೊಂಡ ಮುಚ್ಚಬೇಕು, ಸರ್ ಸುಮ್ಮನೆ ಮನೆಗೆ ಹೋಗಬೇಕು. ಅವರ ನೌಕರಿಯೂ ಬರುವ ವರ್ಷ ಮುಗಿಯುತ್ತಿತ್ತು. "ಮುಚ್ಚುವುದಾದರೆ ನಿಮ್ಮ ಜೆಸಿಬಿಯಲ್ಲೇ ಮುಚ್ಚಿ. ಅಗೆಯುವುದಕ್ಕೆ ಮಾತ್ರ ಅದು ಬೇಡ. ಜನ ಕೊಡಿ. ನಿಮ್ಮ ಜನ ದಿನಕ್ಕೆ ಎಷ್ಟು ಆಳ ಅಗೆಯುತ್ತಾರೆ?" ಎಂದು ಕೇಳಿದರು.

ನಾನು ಎದೆ ಉಬ್ಬಿಸಿ, "ಮಷಿನ್ ಇಳಿಸಿದರೆ ಮಧ್ಯಾಹ್ನದ ಊಟದೊಳಗೆ ಹನ್ನೆರಡು ಅಡಿ ಸರ್" ಎಂದೆ.

ಅವರ ಮುಖ ಬಿಳಿಚಿಕೊಂಡಿತು. "ಎರಡು ತಿಂಗಳಲ್ಲಿ ಹನ್ನೆರಡು ಅಡಿ ಇಳಿದರೆ ಸಾಕು" ಎಂದು ಚೀಲದಿಂದ ಒಂದು ಬ್ರಷ್ ತೆಗೆದು ನನ್ನ ಕೈಗಿಟ್ಟರು. ಕಿಟಕಿಗೆ ಬಣ್ಣ ಹೊಡೆಯುವ ಎರಡಿಂಚಿನ ಬ್ರಷ್!

ಮೊದಲ ದಿನ ಹನ್ನೆರಡು ಜನ ಬೆಳಗಿಂದ ಸಂಜೆಯವರೆಗೆ ಕೆರೆದು ಗುಡಿಸಿ ಮೂರು ಬೆರಳು ಆಳ ಮಾಡಿದರು. ನನಗೆ ಮೈಯೆಲ್ಲ ತುರಿಕೆ ಎದ್ದ ಹಾಗಾಯಿತು. ಮನೆಗೆ ಹೋಗಿ ಹೆಂಡತಿಯ ಹತ್ತಿರ ಹೇಳಿಕೊಂಡರೆ, ಅವಳು ದೊಡ್ಮನೆ ಕಡೆಯವಳು, ಮುಖ ಮುಲಾಜು ನೋಡುವವಳಲ್ಲ. "ಮನೆ ಮೂಲೆ ಜೇಡರ ಬಲೆ ತೆಗೆಯಲೆ ಪುರ್ಸೊತ್ತಿಲ್ಲೆ, ಗದ್ದೆ ಹೊಂಡದ ಕಸ ಹೊಡೆಯಲೆ ಪುರ್ಸೊತ್ತಿದ್ದು! ಬಪ್ಪಾಗ ಆ ಬ್ರಷ್ ಒಂದು ತಕಂಡು ಬನ್ನಿ, ದೇವರ ಮನೆಗಾದ್ರೂ ಆಗ್ತು" ಎಂದಳು.

ಕೂರಲಾರದೆ ನಾನು ಹೊಂಡದ ಸುತ್ತ ತಿರುಗುತ್ತಿದ್ದೆ. ನನ್ನ ಕಾಲಿಗೆ ಅಂಚಿನ ಮಣ್ಣು ಉದುರುತ್ತದೆಂದು ಸರ್ ಆರಡಿ ದೂರಕ್ಕೆ ದಾರ ಕಟ್ಟಿ, "ನಿಮ್ಮ ವಾಯುವಿಹಾರ ಇದರ ಆಚೆ" ಎಂದರು. ನಾನು ದಾರದ ಆಚೆ ತಿರುಗಿ ತಿರುಗಿ ಅಲ್ಲೊಂದು ಕಾಲುದಾರಿಯೇ ಬಿತ್ತು. ವಾರ ಬಿಟ್ಟು ನಕ್ಷೆ ಬರೆಯುವ ಮೇಡಂ ಬಂದರು. ಎಲ್ಲ ಅಳೆದು, ಬಹಳ ಹೊತ್ತು ಯೋಚಿಸಿ, ನಕ್ಷೆಯಲ್ಲಿ ಹೊಂಡದ ಸುತ್ತಲೂ ಎರಡು ಗೆರೆ ಎಳೆದರು. ಸರ್ ಏನಿದು ಎಂದು ಕೇಳಿದರೆ, "ಪ್ರದಕ್ಷಿಣಾಪಥ ಸರ್. ಬಹಳ ಕಾಲ ಬಳಕೆಯಲ್ಲಿದ್ದ ಹಾಗಿದೆ" ಎಂದರು.

ಮೂಲೆ ಸೊಟ್ಟ ಆಗಬಾರದು

ಗದ್ದೆಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಹೆಗಲ ಮೇಲೆ ವಲ್ಲಿ. ದಿನಾ ಎಂಟು ಗಂಟೆಗೆ ಮನೆಯಿಂದ ತಾವೇ ಕುರ್ಚಿ ಹೊತ್ತು ತಂದು ಹೊಂಡದ ತಲೆಗೆ ಕೂರುತ್ತಿದ್ದರು. ಬಂದರಿನ ಮಾತು ಎತ್ತಿದರೆ ಅವರಿಗೆ ನಗು. "ದೋಣಿ ಎಲ್ಲಿಂದ ಬರತಾವ್ರೀ ಇಲ್ಲಿ? ನಮ್ಮ ಎಮ್ಮಿ ನಿಂತ್ರ ಮೊಳಕಾಲ ಮುಳಗಾಂಗಿಲ್ಲ!"

ನಂಬಿಕೆ ಇಲ್ಲದಿದ್ದರೂ ಕಾಳಜಿಗೆ ಕೊರತೆ ಇರಲಿಲ್ಲ. ಸರ್ ಹೊಂಡದ ಗೋಡೆಗಳನ್ನು ತೂಗುಗುಂಡು ಹಿಡಿದು ನೆಟ್ಟಗೆ ಕತ್ತರಿಸಿದಾಗೆಲ್ಲ "ಭಾಳ ಛಲೋ ಆತು ನೋಡ್ರಿ" ಎನ್ನುತ್ತಿದ್ದರು. ಸರ್‌ಗೆ ಬಹಳ ಸಂತೋಷ. ಒಬ್ಬ ರೈತ ಉತ್ಖನನದ ಶಿಸ್ತನ್ನು ಇಷ್ಟು ಮೆಚ್ಚುವುದನ್ನು ತಾವು ಎಲ್ಲೂ ಕಂಡಿಲ್ಲ ಎಂದು ನನ್ನ ಹತ್ತಿರ ಎರಡು ಸಲ ಹೇಳಿದರು.

ಒಂದು ದಿನ ಯಜಮಾನರು ಮೆಲ್ಲಗೆ ಹೊಂಡಕ್ಕೆ ಇಳಿದು, ಅಳತೆಗೆ ಇಟ್ಟ ಕೆಂಪು-ಬಿಳಿ ಕೋಲಿನ ಪಕ್ಕ ನಿಂತು ಮೊಮ್ಮಗಳಿಂದ ಫೋಟೋ ಹೊಡೆಸಿಕೊಂಡರು. ಆಮೇಲೆ ಸರ್ ಹತ್ತಿರ ಬಂದು, "ಈ ಬದಿಗೆ ಎರಡು ಗಜ ಇಳಿಜಾರ ತಗಸ್ರಿ ಸಾಹೇಬ್ರ, ಎಮ್ಮಿ ಇಳ್ಯಾಕ ಬೇಕಾಗ್ತೈತಿ" ಎಂದರು.

"ಎಮ್ಮೆ ಯಾಕೆ ಇಲ್ಲಿ ಇಳೀಬೇಕು?" ಎಂದು ಸರ್ ಗಾಬರಿಯಾದರು.

"ಮತ್ತ ನೀರ ಹೆಂಗ ಕುಡೀತಾವ್ರೀ? ಕೃಷಿ ಹೊಂಡಕ್ಕ ಅರ್ಜಿ ಕೊಟ್ಟು ಕುಂತೇನಿ. ಅದರಾಗ ನೀವ ಬಂದ್ರಿ, ದೇವರ ಬಂದಂಗ. ಬಂದರ ಸಿಗಲಿ ಬಿಡಲಿ, ಮೂಲಿ ಮಾತ್ರ ಸೊಟ್ಟ ಆಗಬಾರದ ನೋಡ್ರಿ!"

ಮಸಿ

ಮಡಕೆ ಚೂರು ತೊಳೆಯುವ ಹೆಂಗಸರ ಗುಂಪಿಗೆ ಒಬ್ಬ ಯಜಮಾನ್ತಿ ಇದ್ದಳು. ಮೇಸ್ತ್ರಿ ಅಕ್ಕ ಎಂದೇ ಎಲ್ಲರೂ ಕರೆಯುವುದು. ಕೊಳಕು ಕಂಡರೆ ಅವಳಿಗೆ ತಡೆಯದು. ನಮ್ಮ ಊಟದ ಡಬ್ಬಿಯನ್ನು ಮುಟ್ಟಿ ನೋಡಿ ಇನ್ನೊಮ್ಮೆ ತೊಳೆದುಕೊಡುವ ಹೆಂಗಸು.

ನಾಲ್ಕನೇ ವಾರ ಹೊಂಡದೊಳಗಿನ ಒಂದು ಹಳೆಯ ಒಲೆಯ ಹತ್ತಿರ ದೊಡ್ಡ ದೊಡ್ಡ ಚೂರು ಸಿಕ್ಕವು. ಒಳಗೂ ಹೊರಗೂ ಕಪ್ಪು ಮಸಿ ಕಟ್ಟಿತ್ತು. ಸರ್ ಮುಖ ಅರಳಿತು. ಆ ಮಸಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಎಷ್ಟು ಹಳೆಯದು, ಏನು ಬೇಯಿಸಿದ್ದರು ಎಲ್ಲ ತಿಳಿಯುತ್ತದಂತೆ. ಮೆಣಸಿನ ಗುರುತೇನಾದರೂ ಸಿಕ್ಕರೆ ಸಮಿತಿಯ ಮುಂದೆ ಒಂದು ಮಾತಾದರೂ ಆಡಬಹುದು. "ನಾಳೆ ಚೀಲ ತರಿಸುತ್ತೇನೆ, ಹುಷಾರಾಗಿ ಇಡಿ" ಎಂದು ಹೋದರು.

ಮರುದಿನ ಬಂದು ನೋಡಿದರೆ ಚೂರುಗಳು ಬಿಸಿಲಿಗೆ ಕೆಂಪಗೆ ಹೊಳೆಯುತ್ತಿವೆ, ಕುಂಬಾರರ ಅಂಗಡಿಯಿಂದ ನಿನ್ನೆ ತಂದ ಹಾಗೆ. ಅಕ್ಕನ ಪಕ್ಕದಲ್ಲಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು.

ಸರ್ ಅಲ್ಲೇ ಕುಕ್ಕರಿಸಿಬಿಟ್ಟರು. "ಮಸಿ ಎಲ್ಲಮ್ಮ?"

"ತಗದ್ನಿರಿ!" ಎಂದಳು ಅಕ್ಕ, ಹೆಮ್ಮೆಯಿಂದ. "ಮೂರ್ ತಾಸ್ ಹಿಡೀತು. ನನ್ನ ರೆಟ್ಟಿ ಬಿದ್ದುಹೋದ್ವು."

ನಾನು ತಡೆಯಲಾರದೆ, "ಅದು ಎಷ್ಟು ಶತಮಾನದ ಮಸಿ ಗೊತ್ತುಂಟಾ ನಿನಗೆ?" ಎಂದು ಕೂಗಿದೆ.

ಅಕ್ಕ ಗಲ್ಲದ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನ! ಅಷ್ಟು ವರ್ಷ ತೊಳೀದ ಇಟ್ಟಿದ್ರೇನು? ಎಂಥಾ ಹೆಂಗಸರ್ರೀ ಅವರು!"

ನನ್ನ ಪಿಕಾಸಿ

ಉಳಿದವರದ್ದೆಲ್ಲ ಹೇಳಿ ನನ್ನದನ್ನು ಬಿಟ್ಟರೆ ಸರಿಯಲ್ಲ.

ಆರನೇ ವಾರ. ಕಟ್ಟೆಯ ಸುಳಿವಿಲ್ಲ. ದಿನ ಓಡುತ್ತಿತ್ತು, ನಾವು ಗುಡಿಸುತ್ತಿದ್ದೆವು. ಹೊಳೆಯ ಬದಿಗೆ ಸರ್ ಹೊಸದಾಗಿ ಒಂದು ಸಣ್ಣ ಹೊಂಡ ತೆಗೆಸಿದ್ದರು. ಅಲ್ಲಿ ಎರಡಡಿ ಆಳದಲ್ಲಿ ಒಂದು ಕಲ್ಲಿನ ಅಂಚು ಕಂಡಿತು. "ಅದನ್ನು ನಾಲ್ಕು ದಿನ ಮುಟ್ಟಬೇಡಿ. ಸುತ್ತಲಿನ ಮಣ್ಣು ಪದರ ಪದರವಾಗಿ ಬಿಡಿಸೋಣ" ಎಂದು ಹೇಳಿ, ನಕ್ಷೆಯ ಮೇಡಂ ಜೊತೆ ಶಿರಸಿಗೆ ಏನೋ ಕಾಗದಪತ್ರದ ಕೆಲಸಕ್ಕೆ ಹೋದರು.

ನಾಲ್ಕು ದಿನವಂತೆ! ನಾನು ನಾಲ್ಕು ಸುತ್ತು ಹೊಡೆದೆ. ಎಲೆ ಅಡಿಕೆ ಹಾಕಿದೆ, ಉಗಿದೆ. ಇನ್ನೂ ಎರಡು ಸುತ್ತು ಹೊಡೆದೆ. ಕೊನೆಗೆ ಹಾಳಾಗಿ ಹೋಗಲಿ ಎಂದು ಪಿಕಾಸಿ ತಗೊಂಡು ಇಳಿದೆ. ಅರ್ಧ ತಾಸಿನಲ್ಲಿ ಆಳುದ್ದದ ಚಪ್ಪಡಿ ಹೊರಬಂತು. ಒಂದು ಬದಿ ನುಣ್ಣಗೆ ಸವೆದಿತ್ತು. "ಸರ್, ಕಟ್ಟೆ ಸಿಕ್ತು! ಓಡಿ ಬನ್ನಿ!" ಎಂದು ಫೋನಿನಲ್ಲಿ ಅರಚಿದೆ.

ಸರ್ ಬಾಡಿಗೆ ಜೀಪು ಮಾಡಿಕೊಂಡು ಬಂದರು. ಬಿದ್ದಿದ್ದ ಪಿಕಾಸಿಯನ್ನು ಕಾಲಿನಿಂದ ಬದಿಗೆ ಸರಿಸಿದರು. ನೇರ ಇಳಿದು ಮಂಡಿಯೂರಿ ಕಲ್ಲನ್ನು ಸವರಿದರು. "ಈ ಸವೆತ ನೋಡಿ. ಎಷ್ಟು ತಲೆಮಾರಿನ ಜನ ಇದರ ಮೇಲೆ..." ಎನ್ನುವಾಗ ಕುರ್ಚಿಯ ಮೇಲಿಂದ ಯಜಮಾನರು ಎದ್ದು ಬಂದು ಬಗ್ಗಿ ನೋಡಿದರು.

"ಹೋ, ಇಲ್ಲೈತೆನು ಇದು! ನಮ್ಮವ್ವ ಅರಿವಿ ಒಗಿಯೂ ಕಲ್ಲು. ದೊಡ್ಡ ಹೊಳಿ ಬಂದ ವರ್ಷ ಕಳದಿತ್ತು."

ಸರ್ ಎದ್ದು ಮಂಡಿಯ ಮಣ್ಣು ಕೊಡವಿಕೊಂಡು, ಸಿಕ್ಕಿದ್ದನ್ನೆಲ್ಲ ಬರೆಯಬೇಕೆಂಬ ನಿಯಮದಂತೆ ಪುಸ್ತಕ ತೆಗೆದು ಬರೆದರು: ಕಲ್ಲು, ಒಂದು, ಬಟ್ಟೆ ಒಗೆಯಲು. ನನಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಮನುಷ್ಯನ ಮುಖ ನೋಡಿ ನನಗೆ ನಿಜವಾಗಿ ಪಾಪ ಎನಿಸಿತು. ಅಲ್ಲಿಯವರೆಗೆ ಕೆಲಸ ಬೇಗ ಮುಗಿದರೆ ಸಾಕು ಎನ್ನುತ್ತಿದ್ದವನಿಗೆ, ದೇವರೇ, ಇವರಿಗೆ ಒಂದು ಕಟ್ಟೆ ಸಿಗಲಪ್ಪ ಎನ್ನುವ ಚಡಪಡಿಕೆ ಶುರುವಾದದ್ದು ಅವತ್ತಿನಿಂದ.

ಕಲ್ಲನ್ನು ಯಜಮಾನರಿಗೆ ಹೊತ್ತು ಕೊಡೋಣ ಎಂದು ನಾನು ಜನ ಕರೆದೆ. ಅವರು ಆಚೀಚೆ ನೋಡಿ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು. "ಬ್ಯಾಡ್ರಿ. ಬಾಜೂ ಮನಿಯವರು ಕದ್ದಾರಂತ ಹೇಳಿ ಇಪ್ಪತ್ತು ವರ್ಷ ಆತು, ಅವರ ಕೂಡ ಮಾತು ಬಿಟ್ಟೇವಿ. ನೀವು ಇದ್ದಲ್ಲೇ ಮುಚ್ಚಿಬಿಡ್ರಿ. ಈಗ ಹೋಗಿ ಏನಂತ ಮಾತಾಡ್ಸಲಿ?"

ಸಮಿತಿ ಬಂದ ದಿನ

ಸಮಿತಿ ಬರಲು ಹತ್ತು ದಿನ ಇರುವಾಗ ದೊಡ್ಡ ಹೊಂಡದಲ್ಲಿ ಇಟ್ಟಿಗೆಯ ನೆಲ ಸಿಕ್ಕಿತು. ಅಚ್ಚುಕಟ್ಟಾದ, ಅಗಲವಾದ ನೆಲ. ನಾವೆಲ್ಲ ಕುಣಿದೆವು. ಸರ್ ಕುಣಿಯಲಿಲ್ಲ. "ನೆಲ ಯಾವುದಾದರೂ ಇರಬಹುದು. ಮನೆ, ಛತ್ರ, ಕೊಟ್ಟಿಗೆ. ದೋಣಿ ಕಟ್ಟುತ್ತಿದ್ದರು ಅನ್ನೋದಕ್ಕೆ ಇದರಲ್ಲಿ ಏನಿದೆ?" ಎಂದರು. ಫೋಟೋ ತೆಗೆಸಿದರು, ಅಳತೆ ಬರೆಸಿದರು, ನೆಲ ಮುಗಿಯುವ ಅಂಚು ಹುಡುಕಿದರು. ಮೂರು ಬದಿಗೆ ಗೋಡೆಯ ತಳ ಸಿಕ್ಕಿತು. ಹೊಳೆಯ ಬದಿಗೆ ಬರೀ ಗಟ್ಟಿ ಕೆಸರು. ಎಷ್ಟು ಕೆರೆದರೂ ಇಟ್ಟಿಗೆ ಯಾವುದು, ಕೆಸರು ಯಾವುದು ತಿಳಿಯದು.

ಸರ್ ಊಟ ಬಿಟ್ಟರು. ತಟ್ಟೆಯ ಉಪ್ಪಿಟ್ಟು ಒಣಗಿ ಕಾಗೆಯ ಪಾಲಾಗುತ್ತಿತ್ತು. ಸಮಿತಿ ಬರುವ ಎರಡು ದಿನ ಮೊದಲು, "ನಿಮ್ಮ ಜೆಸಿಬಿ ತರಿಸಿಡಿ" ಎಂದರು. ಅಷ್ಟೇ. ಅದನ್ನು ತಂದು ಗದ್ದೆಯ ಬದುವಿಗೆ ನಿಲ್ಲಿಸಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನದೇ ಮಷಿನ್ ನೋಡಿ ನನಗೆ ಬೇಜಾರಾಯಿತು.

ಹಿಂದಿನ ದಿನ ಸರ್ ಸಮಿತಿಯವರನ್ನು ಎದುರುಗೊಳ್ಳಲು ಹಾವೇರಿಗೆ ಹೊರಟರು. ನಾನು ಮೇಸ್ತ್ರಿ ಅಕ್ಕನಿಗೆ, "ನಾಳೆ ದೊಡ್ಡವರು ಬರ್ತಾರೆ, ಎಲ್ಲ ಚೊಕ್ಕ ಇರಲಿ" ಎಂದು ಹೇಳಿ ಊಟದ ಸಾಮಾನು ತರಲು ಶಿರಸಿಗೆ ಹೋದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಳೆಲೆ ಕಟ್ಟು ಹೊತ್ತು ಬಂದವನು ಹೊಂಡಕ್ಕೆ ಇಣುಕಿದೆ. ಬಾಳೆಲೆ ಕೈಯಿಂದ ಜಾರಿ ಬಿತ್ತು.

ಪ್ರಾಚೀನ ನೆಲ ಪೂರ್ತಿ ಹಸಿರಾಗಿತ್ತು! ಒಂದು ಇಟ್ಟಿಗೆ ಕಾಣದ ಹಾಗೆ ಸಗಣಿಯಿಂದ ಸಾರಿಸಿ, ನಡುವೆ ಎಂಟು ಎಸಳಿನ ರಂಗೋಲಿ. ರಂಗೋಲಿಯ ನಾಲ್ಕು ಮೂಲೆಗೆ ನಾಲ್ಕು ದಾಸವಾಳ ಬೇರೆ.

"ಎಂತ ಮಾಡಿ ಹಾಕಿದ್ಯೇ ಮಾರಾಯ್ತಿ!" ಎಂದು ತಲೆ ಮೇಲೆ ಕೈ ಹೊತ್ತೆ.

ಅಕ್ಕನಿಗೆ ಸಿಟ್ಟು ಬಂತು. "ದೊಡ್ಡೋರು ಬರತಾರಂತ ನೀವ ಹೇಳೀರಿ. ಬರೇ ನೆಲಕ್ಕ ಕರ್ಕೊಂಡು ಬರೂದೇನು? ಅವರೇನ್ ಅಂದ್ಕೊಂಡಾರು? ಈ ಊರಾಗ ಹೆಂಗಸರ ಇಲ್ಲಂತ ತಿಳ್ಕೊಳ್ಳಾಂಗಿಲ್ಲೇನು?"

ಅಷ್ಟರಲ್ಲಿ ಸರ್ ಫೋನು. "ಇನ್ನು ಕಾಲು ಗಂಟೆಯಲ್ಲಿ ಬರುತ್ತೇವೆ. ಎಲ್ಲ ಸರಿ ಇದೆ ತಾನೆ?" ನನ್ನ ಬಾಯಿಂದ ಹೂಂ ಎಂದು ಬಂತು, ಹೇಗೆ ಬಂತೋ. "ನೀರು! ನೀರು ತನ್ನಿ! ತೊಳೀರಿ!" ಎಂದು ಕೂಗಿದೆ. ಕೊಡ, ಬಕೆಟ್ಟು, ಚೂರು ತೊಳೆಯುವ ತೊಟ್ಟಿ, ಸಿಕ್ಕಿದ್ದರಲ್ಲೆಲ್ಲ ನೀರು ತಂದು ಸುರಿದೆವು. ಯಜಮಾನರು ಸಹ ಕುರ್ಚಿ ಬಿಟ್ಟು ಎದ್ದು ಒಂದು ತಂಬಿಗೆ ಹಾಕಿದರು. ಸುರಿಯುತ್ತಿದ್ದ ಹಾಗೇ ನನಗೆ ಇನ್ನೊಂದು ಹೆದರಿಕೆ ಹುಟ್ಟಿತು. ಹತ್ತಡಿ ಹೊಂಡ, ಈ ನೀರು ಎಲ್ಲಿಗೆ ಹೋಗಬೇಕು? ಸಗಣಿ ನೀರಿನ ಕೆರೆಯಲ್ಲಿ ಸಮಿತಿಯನ್ನು ಇಳಿಸುವುದೇ?

ಕಾರು ಬಂದು ನಿಂತಿತು. ಮೊದಲು ಇಳಿದವರು ಅಧ್ಯಕ್ಷರು, ಬಿಳಿ ಕೂದಲು, ಕೈಯಲ್ಲಿ ಕೋಲು, ನಗುವವರ ಹಾಗೆ ಕಾಣಲಿಲ್ಲ. ಹಿಂದೆ ಸರ್. ಸರ್ ಹೊಂಡ ನೋಡಿದರು. ನನ್ನನ್ನು ನೋಡಿದರು. ಕಾರಿನ ಬಾಗಿಲು ಹಿಡಿದುಕೊಂಡರು.

ಅಧ್ಯಕ್ಷರು ಕೋಲು ಚಾಚಿ, "ಆ ನೀರು ಎಲ್ಲಿಗೆ ಹೋಗ್ತಿದೆ?" ಎಂದು ಕೇಳಿದರು.

ನಾವು ಆಗಲೇ ಅದನ್ನು ಕಂಡದ್ದು. ಹಸಿರು ನೀರು ನಿಂತಿರಲಿಲ್ಲ. ನೆಲದ ಮೇಲೆ ಹರಿದು ಹೊಳೆಯ ಬದಿಗೆ ಹೋಗಿ, ಆ ಗಟ್ಟಿ ಕೆಸರಿನ ಬುಡದಲ್ಲಿ ನೆಟ್ಟಗೆ ಒಂದು ಗೆರೆಗುಂಟ ಗುಳುಗುಳು ಎಂದು ಇಳಿದುಹೋಗುತ್ತಿತ್ತು.

"ಅಲ್ಲಿ ಹಂಗ ಐತ್ರಿ. ಸಾರಿಸೂವಾಗ್ಲೂ ಆ ಗೆರಿ ಮ್ಯಾಲ ಸಗಣಿ ನಿಲ್ಲಲಿಲ್ಲ. ಮೂರು ಬುಟ್ಟಿ ನುಂಗೇತಿ" ಎಂದಳು ಅಕ್ಕ.

ಸರ್ ಬೂಟು ಸಮೇತ ಧುಮುಕಿದರು. ಹಿಂದೆ ಅಧ್ಯಕ್ಷರು ಕೋಲು ಬಿಸಾಡಿ ಇಳಿದರು. ನಾನು ಪಿಕಾಸಿ ಮುಟ್ಟಲಿಲ್ಲ, ದೇವರಾಣೆ, ಬ್ರಷ್ಷೇ ಹಿಡಿದೆ. ಗೆರೆಯ ಆಚೆ ಎರಡು ಬೆರಳು ಕೆಸರು ತೆಗೆದರೆ ಕೆಳಗೆ ಬರೀ ಸಡಿಲ ಮರಳು. ಮರಳು ಬಳಿದರೆ ಕಲ್ಲಿನ ಮೆಟ್ಟಿಲು. ಅದರ ಕೆಳಗೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಮೂರು ಮೆಟ್ಟಿಲು ಹೊಳೆಯ ಕಡೆಗೆ ಇಳಿದಿದ್ದವು. ಮೂರನೆಯದರ ಅಂಚಿನಲ್ಲಿ ಒಂದು ಕಂಬದ ಕಲ್ಲು, ಅದರ ಸುತ್ತ ಹಗ್ಗ ಉಜ್ಜಿ ಉಜ್ಜಿ ಬಿದ್ದ ಆಳವಾದ ಗೀರು. ದೋಣಿಯ ಹಗ್ಗ. ನಾನೂ ಬೆರಳಿಟ್ಟು ನೋಡಿದೆ.

ಸರ್ ಸಗಣಿ ನೀರಿನಲ್ಲೇ ಆ ಮೆಟ್ಟಿಲ ಮೇಲೆ ಕೂತು ಅತ್ತರು. ಮರೆಮಾಡಲೂ ಇಲ್ಲ. ನನಗೂ ಕಣ್ಣು ತುಂಬಿತು. ಅಧ್ಯಕ್ಷರು ಮಾತ್ರ ಅಕ್ಕನ ಕಡೆ ತಿರುಗಿ ಕೈ ಮುಗಿದರು. "ಅಮ್ಮ, ನೆಲ ಇಲ್ಲಿಗೆ ಮುಗೀತು ಅಂತ ನಿಮಗೆ ಗೊತ್ತಾಗಿತ್ತಾ?"

"ಸಾರಿಸೋರ ಕೈಗೆ ಗೊತ್ತಾಗಾಂಗಿಲ್ಲೇನ್ರೀ?" ಎಂದಳು ಅಕ್ಕ. "ಇವರು ಹತ್ತು ದಿನದಿಂದ ಬ್ರಷ್ ಹಿಡಕೊಂಡು ಅಲ್ಲೇ ಕುಂತಾರ. ಒಂದ ಮಾತು ಕೇಳಿದ್ರ ಅವತ್ತ ಹೇಳ್ತಿದ್ದೆ."

ಜೆಸಿಬಿ ಮಣ್ಣು ಮುಟ್ಟದೆ ಶಿರಸಿಗೆ ವಾಪಸ್ಸಾಯಿತು. ಮುಂದಿನ ವರ್ಷದ ಅಪ್ಪಣೆಪತ್ರ ಹದಿನೈದು ದಿನಕ್ಕೆ ಬಂತು. ಸರ್ ಅದನ್ನು ನನಗೆ ಓದಲು ಕೊಟ್ಟರು. ಷರತ್ತುಗಳ ಪಟ್ಟಿಯ ಕೊನೆಗೆ ಟೈಪ್ ಮಾಡಿತ್ತು: "ಉತ್ಖನನದಲ್ಲಿ ದೊರೆತ ಯಾವುದೇ ಪ್ರಾಚೀನ ನೆಲವನ್ನು ಸಗಣಿಯಿಂದ ಸಾರಿಸತಕ್ಕದ್ದಲ್ಲ." ಅದರ ಕೆಳಗೆ ಅಧ್ಯಕ್ಷರ ಸ್ವಂತ ಕೈಬರಹ, ಹಸಿರು ಶಾಯಿಯಲ್ಲಿ: "ಫೋಟೋ ಮತ್ತು ಅಳತೆ ಮುಗಿದ ಮೇಲೂ ಅಂಚು ಸಿಗದಿದ್ದರೆ, ಅಕ್ಕನನ್ನು ಕರೆಸಿ ಒಂದು ಸಲ ಸಾರಿಸಬಹುದು."